ಕಣ್ಣು ಕೆಂಪಾದಾಗ: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ತಕ್ಷಣ ಓಡಬೇಕು



ಅಡಿಕೆಗೆ ಬೋರ್ಡೋ ಹೊಡೆಯುವ ಕಾಲ ಹತ್ತಿರ ಬಂತು. ಸುಣ್ಣ, ಮೈಲುತುತ್ತ ಎಲ್ಲರ ಮನೆಯ ಜಗಲಿಗೂ ಬಂದಾಗಿದೆ. ಅದು ಮುಗಿಯುವಷ್ಟರಲ್ಲಿ ಗದ್ದೆ ಕೆಲಸ, ಆಮೇಲೆ ಕಳೆ ಕೊಚ್ಚೋದು, ಕೊಯ್ಲು, ಒಕ್ಕಣೆ. ಈ ಎಲ್ಲಾ ಕೆಲಸದಲ್ಲೂ ಒಂದಲ್ಲ ಒಂದು ದಿನ ಯಾರದ್ದಾದರೂ ಕಣ್ಣು ಕೆಂಪಾಗುತ್ತೆ. ಆಗ ನಾವು ಮಾಡೋದೇನು? ಮುಖ ತೊಳೆದು, ಟವೆಲ್‌ನಲ್ಲಿ ಉಜ್ಜಿ, ಸಂಜೆ ಪೇಟೆಗೆ ಹೋದಾಗ ಮೆಡಿಕಲ್ ಶಾಪ್‌ನಲ್ಲಿ "ಕಣ್ಣು ಕೆಂಪಾಗಿದೆ, ಒಂದು ಡ್ರಾಪ್ಸ್ ಕೊಡಿ" ಅಂತ ಕೇಳ್ತೀವಿ.

ಈ ವಾರ ಅದರ ಬಗ್ಗೆ ಬರೀತಿದ್ದೀನಿ. ನಾನು ಓದಿದ್ದು ತೋಟಗಾರಿಕೆ, ವೈದ್ಯಕೀಯ ಅಲ್ಲ. ಹಾಗಾಗಿ ಔಷಧಿ ಬರೆದುಕೊಡೋದು ನನ್ನ ಕೆಲಸ ಅಲ್ಲ. ಆದರೆ ತೋಟದಲ್ಲಿ ಕಣ್ಣಿಗೆ ಏಟಾದಾಗ ಮೊದಲ ಅರ್ಧ ಗಂಟೆಯಲ್ಲಿ ಏನು ಮಾಡಬೇಕು, ಯಾವುದನ್ನು ಮನೆಯಲ್ಲೇ ನೋಡಿಕೊಳ್ಳಬಹುದು, ಯಾವುದಕ್ಕೆ ಅದೇ ದಿನ ಕಣ್ಣಿನ ಡಾಕ್ಟರ್ ಹತ್ತಿರ ಹೋಗಬೇಕು, ಇಷ್ಟು ಪ್ರತಿಯೊಬ್ಬ ಕೃಷಿಕನಿಗೂ ಗೊತ್ತಿರಬೇಕು.

ಕೆಂಪು ಅನ್ನೋದು ಲಕ್ಷಣ, ರೋಗ ಅಲ್ಲ

ಅಡಿಕೆ ಗರಿ ಹಳದಿ ಆಯ್ತು ಅಂದ ಕೂಡಲೇ ನಾವು ಒಂದೇ ಔಷಧಿ ಹೇಳಲ್ಲ. ಬೇರಿಗೆ ನೀರು ನಿಂತಿದೆಯಾ, ಪೋಷಕಾಂಶದ ಕೊರತೆಯಾ, ಬೇರುಹುಳವಾ, ಹಳದಿ ಎಲೆ ರೋಗವಾ ಅಂತ ನೋಡ್ತೀವಿ. ಕಣ್ಣಿನ ಕೆಂಪೂ ಹಾಗೇನೇ. ಬಿಳಿಗುಡ್ಡೆಯ ಮೇಲೆ ಒಂದು ತೆಳುವಾದ ಪೊರೆ ಇದೆ. ಅದರೊಳಗೆ ಸಣ್ಣ ಸಣ್ಣ ರಕ್ತನಾಳಗಳಿವೆ. ಧೂಳು ಬಿದ್ದರೂ, ಸೋಂಕು ತಗುಲಿದರೂ, ಗಾಯ ಆದರೂ, ಕಣ್ಣಿನ ಒಳಗಿನ ಒತ್ತಡ ಏರಿದರೂ ಆ ನಾಳಗಳು ಹಿಗ್ಗುತ್ತವೆ, ಕಣ್ಣು ಕೆಂಪಾಗಿ ಕಾಣುತ್ತೆ. ಕಾರಣ ಹತ್ತಾರು, ಹೊರಗೆ ಕಾಣೋ ಬಣ್ಣ ಮಾತ್ರ ಒಂದೇ.

ಅದಕ್ಕೇ ಕೆಂಪು ಎಷ್ಟಿದೆ ಅಂತ ನೋಡೋದಕ್ಕಿಂತ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ:

1. ಕಣ್ಣಿಗೆ ಏನಾದರೂ ಬಿತ್ತಾ, ಚುಚ್ಚಿತಾ, ಸಿಡಿಯಿತಾ?
2. ಬರೀ ಕಿರಿಕಿರಿ, ತುರಿಕೆಯಾ, ಅಥವಾ ನಿಜವಾದ ನೋವಿದೆಯಾ?
3. ನೋಟ ಮಂಜಾಗಿದೆಯಾ? ಒಂದು ಕಣ್ಣು ಮುಚ್ಚಿಕೊಂಡು ಗೋಡೆಯ ಕ್ಯಾಲೆಂಡರ್ ನೋಡಿ, ಆಮೇಲೆ ಇನ್ನೊಂದು ಕಣ್ಣಿನಿಂದ ನೋಡಿ. ವ್ಯತ್ಯಾಸ ಗೊತ್ತಾಗುತ್ತೆ.
4. ಬೆಳಕು ನೋಡೋಕೆ ಕಷ್ಟ ಆಗ್ತಿದೆಯಾ?

ನಾಲ್ಕಕ್ಕೂ "ಇಲ್ಲ" ಅಂದರೆ ಒಂದೆರಡು ದಿನ ಕಾಯಬಹುದು. ಒಂದಕ್ಕೆ "ಹೌದು" ಅಂದರೂ ಕಾಯೋದು ಬೇಡ.

ಸಾಮಾನ್ಯವಾಗಿ ತಾನೇ ವಾಸಿಯಾಗುವ ಕೆಂಪು

*ಮದ್ರಾಸ್ ಐ, ಅಂದರೆ ಕಣ್ಣುಬೇನೆ.* 2023ರ ಜುಲೈನಲ್ಲಿ ರಾಜ್ಯದ ತುಂಬಾ ಹರಡಿದ್ದು ನೆನಪಿರಬಹುದು. ಇದು ಹೆಚ್ಚಾಗಿ ವೈರಸ್‌ನಿಂದ ಬರುತ್ತೆ. ಮೊದಲು ಒಂದು ಕಣ್ಣು, ಒಂದೆರಡು ದಿನದಲ್ಲಿ ಇನ್ನೊಂದು. ನೀರು ಸುರಿಯುತ್ತೆ, ಮರಳು ಬಿದ್ದ ಹಾಗೆ ಅನ್ನಿಸುತ್ತೆ, ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿರುತ್ತೆ. ಒಂದೆರಡು ವಾರದಲ್ಲಿ ತಾನೇ ಇಳಿಯುತ್ತೆ. ಕುದಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಗೀಜು ಒರೆಸಿ, ತಣ್ಣನೆ ಬಟ್ಟೆ ಇಡಿ, ಸಾಕು. ವೈರಸ್‌ಗೆ ಆ್ಯಂಟಿಬಯಾಟಿಕ್ ಕೆಲಸ ಮಾಡಲ್ಲ. ಗಟ್ಟಿ ಹಳದಿ ಕೀವು ಬರ್ತಿದ್ದರೆ ಅದು ಬ್ಯಾಕ್ಟೀರಿಯಾ ಇರಬಹುದು, ಆಗ ಡಾಕ್ಟರ್ ನೋಡಿ ಡ್ರಾಪ್ಸ್ ಕೊಡ್ತಾರೆ.

ಕಣ್ಣುಬೇನೆ ಬಂದವರನ್ನು ನೋಡಿದರೆ ಬರುತ್ತೆ ಅನ್ನೋದು ಸುಳ್ಳು. ಹರಡೋದು ಕೈಯಿಂದ, ಟವೆಲ್‌ನಿಂದ, ದಿಂಬಿನಿಂದ. ತೋಟದಲ್ಲಿ ನಾಲ್ಕು ಜನ ಒಂದೇ ಬೈರಾಸಿನಲ್ಲಿ ಮುಖ ಒರೆಸಿಕೊಳ್ಳೋ ಅಭ್ಯಾಸ ಇದ್ದರೆ ವಾರದೊಳಗೆ ನಾಲ್ವರಿಗೂ ಬಂದಿರುತ್ತೆ. ಬಂದವರಿಗೆ ಬೇರೆ ಟವೆಲ್ ಕೊಟ್ಟು, ಕೆಲವು ದಿನ ರಜೆ ಕೊಡೋದು ಒಳ್ಳೇದು.

*ಅಲರ್ಜಿ.* ಎರಡೂ ಕಣ್ಣು ಕೆಂಪು, ವಿಪರೀತ ತುರಿಕೆ, ಜೊತೆಗೆ ಸೀನು. ಕಾಂಗ್ರೆಸ್ ಗಿಡ ಕೀಳೋವಾಗ, ಒಣಹುಲ್ಲು ಎಳೆಯೋವಾಗ, ಅಕ್ಕಿ ಗಿರಣಿಯಲ್ಲಿ ಇದು ಜಾಸ್ತಿ. ಧೂಳಿನಿಂದ ದೂರ ಹೋಗಿ, ಕಣ್ಣು ತೊಳೆದು, ತಣ್ಣನೆ ಬಟ್ಟೆ ಇಟ್ಟರೆ ಹಿತ ಅನ್ನಿಸುತ್ತೆ. ಉಜ್ಜಬೇಡಿ. ವರ್ಷಗಟ್ಟಲೆ ಕಣ್ಣು ಉಜ್ಜುವ ಮಕ್ಕಳಲ್ಲಿ ಕರಿಗುಡ್ಡೆಯ ಆಕಾರವೇ ಬದಲಾಗೋ ಅಪಾಯ ಇದೆ. ಪ್ರತಿ ವರ್ಷ ಬೇಸಿಗೆಯಲ್ಲಿ ಮಗುವಿನ ಕಣ್ಣು ಕೆಂಪಾಗ್ತಿದ್ದರೆ ಒಮ್ಮೆ ತೋರಿಸಿ.

*ರಕ್ತದ ಕಲೆ.* ಬೆಳಿಗ್ಗೆ ಕನ್ನಡಿ ನೋಡಿದಾಗ ಬಿಳಿಗುಡ್ಡೆಯ ಮೇಲೆ ಕುಂಕುಮ ಇಟ್ಟಂಗೆ ಕಡುಕೆಂಪು ಕಲೆ. ನೋವಿಲ್ಲ, ನೋಟಕ್ಕೆ ತೊಂದರೆ ಇಲ್ಲ. ಜೋರು ಕೆಮ್ಮು, ವಾಂತಿ, ಗೊಬ್ಬರದ ಚೀಲ ಎತ್ತಿದ ಮುಕ್ಕರಿಕೆ, ಇಂಥದ್ದರಿಂದ ಸಣ್ಣ ರಕ್ತನಾಳ ಒಡೆದಿರುತ್ತೆ. ನೋಡೋಕೆ ಭಯ ಆದರೂ ಇದು ಬಹುತೇಕ ನಿರಪಾಯ, ಒಂದೆರಡು ವಾರದಲ್ಲಿ ಹಳದಿಗೆ ತಿರುಗಿ ಮಾಯ ಆಗುತ್ತೆ. ಒಮ್ಮೆ ಬಿಪಿ ನೋಡಿಸಿ. ರಕ್ತ ತೆಳುವಾಗೋ ಮಾತ್ರೆ ತಗೊಳ್ತಿದ್ದರೆ, ಅಥವಾ ಕಣ್ಣಿಗೆ ಪೆಟ್ಟು ಬಿದ್ದು ಹೀಗಾಗಿದ್ದರೆ, ಡಾಕ್ಟರ್‌ಗೆ ತೋರಿಸಿ.

*ಮೂಗಿನ ಕಡೆಯಿಂದ ಬೆಳೆಯೋ ಮಾಂಸ.* ಹತ್ತಾರು ವರ್ಷ ಬಿಸಿಲು, ಧೂಳಿನಲ್ಲಿ ದುಡಿದವರಿಗೆ ಬಿಳಿಗುಡ್ಡೆಯಿಂದ ಕರಿಗುಡ್ಡೆಯ ಕಡೆಗೆ ತ್ರಿಕೋನದ ಹಾಗೆ ಒಂದು ಕೆಂಪು ಪದರ ಬರುತ್ತೆ. ದುರ್ಮಾಂಸ ಅಂತಾರೆ. ಅವಸರ ಇಲ್ಲ. ಆದರೆ ಅದು ಕರಿಗುಡ್ಡೆಯ ಮಧ್ಯಕ್ಕೆ ಬಂದರೆ ನೋಟ ಕೆಡುತ್ತೆ, ಆಗ ಆಪರೇಷನ್ ಬೇಕಾಗುತ್ತೆ. ಅಗಲ ಅಂಚಿನ ಟೋಪಿ ಮತ್ತು ಕನ್ನಡಕ ಇದನ್ನು ತಡೆಯೋಕೆ ಸಹಾಯ ಮಾಡುತ್ತೆ.

ಈಗ ಕಾಯಬಾರದ ಕೆಂಪಿನ ವಿಷಯಕ್ಕೆ ಬರೋಣ. ಇದರಲ್ಲಿ ಹೆಚ್ಚಿನವು ತೋಟ, ಗದ್ದೆಯಿಂದಲೇ ಬರೋವು.

ಸುಣ್ಣ ಬಿದ್ದರೆ: ಮೊದಲು ನೀರು, ಆಮೇಲೆ ಮಾತು

ಒಂದು ಪರ್ಸೆಂಟ್ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಇದು ನಮಗೆಲ್ಲ ಬಾಯಿಪಾಠ. ಇದರಲ್ಲಿ ಎಲ್ಲರೂ ವಿಷ ಅಂತ ಹೆದರೋದು ಮೈಲುತುತ್ತಕ್ಕೆ. ಸುಣ್ಣ ಮನೆಯದ್ದೇ ವಸ್ತು, ಎಲೆಅಡಿಕೆಗೆ ಹಾಕ್ಕೊಳ್ಳೋದು, ಅದಕ್ಕೇನು ಭಯ ಅನ್ನೋ ಭಾವನೆ. ಕಣ್ಣಿನ ಮಟ್ಟಿಗೆ ಹೆಚ್ಚು ಹೆದರಬೇಕಾದ್ದು ಸುಣ್ಣಕ್ಕೆ.

ಸುಣ್ಣ ತೀವ್ರ ಕ್ಷಾರ. ಆಮ್ಲ ಕಣ್ಣಿಗೆ ಬಿದ್ದರೆ ಮೇಲ್ಪದರದ ಪ್ರೋಟೀನ್ ಗಟ್ಟಿಯಾಗಿ ಒಂದು ತಡೆ ಥರ ಆಗುತ್ತೆ, ಹಾಗಾಗಿ ಎಷ್ಟೋ ಸಲ ಅದು ಅಲ್ಲೇ ನಿಲ್ಲುತ್ತೆ. ಕ್ಷಾರ ಹಾಗಲ್ಲ. ಅದು ಜೀವಕೋಶದ ಪೊರೆಯ ಕೊಬ್ಬನ್ನೇ ಸಾಬೂನಿನಂತೆ ಕರಗಿಸಿಕೊಂಡು ಒಳಗೆ ಇಳೀತಾ ಹೋಗುತ್ತೆ. ಮೇಲಾಗಿ ಸುಣ್ಣದ ಕಣಗಳು ಮೇಲಿನ ರೆಪ್ಪೆಯ ಒಳಮಡಿಕೆಯಲ್ಲಿ ಅಂಟಿ ಕೂತು ಬಿಡುತ್ತವೆ. ಹೊರಗಿನಿಂದ ತೊಳೆದಾಯ್ತು ಅಂದುಕೊಂಡರೂ ಒಳಗೆ ಸುಡೋದು ನಡೀತಾನೇ ಇರುತ್ತೆ.

ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸೋವಾಗ ಕೊತಕೊತ ಕುದಿದು ಸಿಡಿಯುತ್ತಲ್ಲ, ಅದೇ ಅಪಾಯದ ಹೊತ್ತು. ಬ್ಯಾರೆಲ್ ಮೇಲೆ ಬಗ್ಗಿ ಇಣುಕಬೇಡಿ. ಮಕ್ಕಳನ್ನು ದೂರ ಇಡಿ. ಹಾಗೇ ಎಲೆಅಡಿಕೆಯ ಸುಣ್ಣದ ಸಣ್ಣ ಪ್ಯಾಕೆಟ್, ಟ್ಯೂಬ್ ಮಕ್ಕಳ ಕೈಗೆ ಕೊಡಬೇಡಿ. ಆಟಕ್ಕೆ ಒತ್ತಿ, ಅದು ಒಡೆದು ಕಣ್ಣಿಗೆ ಹಾರಿ ದೃಷ್ಟಿ ಕಳೆದುಕೊಂಡ ಮಕ್ಕಳು ನಮ್ಮ ದೇಶದ ಕಣ್ಣಿನ ಆಸ್ಪತ್ರೆಗಳಿಗೆ ಬರ್ತಾನೇ ಇರ್ತಾರೆ.

ಬಿದ್ದೇ ಬಿಟ್ಟರೆ ಹೀಗೆ ಮಾಡಿ:

- ಕಾಣೋ ಗಟ್ಟಿ ಚೂರು ಇದ್ದರೆ ಒದ್ದೆ ಬಟ್ಟೆಯ ತುದಿಯಿಂದ ಬೇಗ ತೆಗೆಯಿರಿ.
- ತಕ್ಷಣ ನೀರು ಹಾಕಿ. ಫಿಲ್ಟರ್ ನೀರು ಹುಡುಕ್ತಾ ಕೂರಬೇಡಿ. ನಲ್ಲಿ, ಕೊಡ, ಪೈಪ್, ಹತ್ತಿರ ಇರೋದ್ರಲ್ಲಿ ಶುದ್ಧವಾದದ್ದು ಯಾವುದಾದರೂ ಸರಿ.
- ಬಿದ್ದವರನ್ನು ಮಲಗಿಸಿ ಅಥವಾ ತಲೆ ವಾಲಿಸಿ, ಇನ್ನೊಬ್ಬರು ರೆಪ್ಪೆಯನ್ನು ಬೆರಳಿಂದ ಬಿಡಿಸಿ ಹಿಡಿಯಬೇಕು. ನೋವಿಗೆ ಕಣ್ಣು ತಾನೇ ಮುಚ್ಚಿಕೊಳ್ಳುತ್ತೆ, ಮುಚ್ಚಿದ ಕಣ್ಣಿನ ಮೇಲೆ ನೀರು ಹಾಕಿದರೆ ಪ್ರಯೋಜನ ಇಲ್ಲ.
- ಕಣ್ಣನ್ನು ಮೇಲೆ, ಕೆಳಗೆ, ಎಡ, ಬಲ ಆಡಿಸೋಕೆ ಹೇಳಿ. ಕೆಟ್ಟ ಕಣ್ಣಿನ ನೀರು ಒಳ್ಳೇ ಕಣ್ಣಿಗೆ ಹರಿಯದಂತೆ ತಲೆ ವಾಲಿಸಿ.
- ಗಡಿಯಾರ ನೋಡಿಕೊಂಡು ಅರ್ಧ ಗಂಟೆ ತೊಳೆಯಿರಿ. ಎರಡು ಚೊಂಬು ನೀರು ಸಾಲಲ್ಲ.
- ಆಮೇಲೆ ನೇರ ಕಣ್ಣಿನ ಡಾಕ್ಟರ್ ಹತ್ತಿರ. ದಾರಿಯಲ್ಲೂ ಬಾಟಲಿ ನೀರು ಹಾಕ್ತಾ ಇರಿ. ರೆಪ್ಪೆ ಮಗುಚಿ ಒಳಗಿನ ಕಣ ತೆಗೆಯೋದು ಅವರ ಕೆಲಸ.

"ಸುಣ್ಣಕ್ಕೆ ನೀರು ಬಿದ್ದರೆ ಇನ್ನೂ ಕುದಿಯಲ್ವಾ?" ಅಂತ ಕೆಲವರು ಹಿಂಜರಿದು ಎಣ್ಣೆ, ತುಪ್ಪ ಹಾಕ್ತಾರೆ. ಬೇಡ. ಅರಳಿದ ಸುಣ್ಣ ಮತ್ತೆ ಕುದಿಯಲ್ಲ. ಸುಟ್ಟ ಸುಣ್ಣದ ಪುಡಿಯೇ ಆದರೂ ಧಾರಾಳ ನೀರು ಬಿಸಿಯನ್ನೂ ಕ್ಷಾರವನ್ನೂ ಒಟ್ಟಿಗೇ ಕೊಚ್ಚಿಕೊಂಡು ಹೋಗುತ್ತೆ. ಹಾಗೆಯೇ ಕ್ಷಾರಕ್ಕೆ ಆಮ್ಲ ಅಂತ ಲೆಕ್ಕ ಹಾಕಿ ನಿಂಬೆರಸ, ಮಜ್ಜಿಗೆ ಹಾಕೋದೂ ಬೇಡ. ನೀರೇ ಮದ್ದು.

ಸಾವಯವ ಅಂದರೆ ಕಣ್ಣಿಗೆ ಸೌಮ್ಯ ಅಂತಲ್ಲ

ನನ್ನ ಹಾಗೆ ಸಾವಯವ ಮಾಡೋರಿಗೆ ಇದನ್ನು ಒತ್ತಿ ಹೇಳಬೇಕು. ರಾಸಾಯನಿಕ ಹೊಡೆಯೋರು ಡಬ್ಬದ ಮೇಲಿನ ಕೆಂಪು ತ್ರಿಕೋನ ನೋಡಿಯಾದರೂ ಸ್ವಲ್ಪ ಎಚ್ಚರ ಇರ್ತಾರೆ. ನಮ್ಮ ಕಷಾಯದ ಡ್ರಮ್ ಮೇಲೆ ಯಾವ ತ್ರಿಕೋನವೂ ಇಲ್ಲ.

ಅಗ್ನಿಅಸ್ತ್ರದಲ್ಲಿ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ತಂಬಾಕು ಇರುತ್ತೆ. ಮೆಣಸಿನ ಖಾರದ ಅಂಶ ನೀರಿನಲ್ಲಿ ಕರಗೋದು ಕಡಿಮೆ, ಎಣ್ಣೆಯಲ್ಲಿ ಕರಗುತ್ತೆ. ಅದಕ್ಕೇ ಬರೀ ನೀರಲ್ಲಿ ಕೈ ತೊಳೆದು ಒಂದು ಗಂಟೆ ಬಿಟ್ಟು ಕಣ್ಣು ಮುಟ್ಟಿಕೊಂಡರೂ ಉರಿ ಹತ್ತುತ್ತೆ. ಕೈಗೆ ಅಡುಗೆ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಕಣ್ಣಿಗೆ ಮಾತ್ರ ನೀರು ಬಿಟ್ಟು ಬೇರೇನೂ ಬೇಡ. ಈ ಉರಿ ಸಾಮಾನ್ಯವಾಗಿ ಕೆಲವು ಗಂಟೆಯಲ್ಲಿ ಇಳಿಯುತ್ತೆ.

ಇದಕ್ಕಿಂತ ಮೋಸದ್ದು ಎಕ್ಕದ ಹಾಲು. ದಶಪರ್ಣಿ ಕಷಾಯಕ್ಕೆ ಎಕ್ಕದ ಎಲೆ ಮುರಿದು ಹಾಕ್ತೀವಲ್ಲ, ಆಗ ಹಾಲು ಸಿಡಿಯುತ್ತೆ. ಇದು ಕಣ್ಣಿಗೆ ಬಿದ್ದಾಗ ಅಷ್ಟೊಂದು ನೋವೇ ಆಗದಿರಬಹುದು. "ಏನೂ ಆಗಿಲ್ಲ" ಅಂತ ಕೆಲಸ ಮುಂದುವರಿಸ್ತಾರೆ. ಕೆಲವು ಗಂಟೆ ಕಳೆದ ಮೇಲೆ, ಅಥವಾ ಮಾರನೇ ದಿನ, ನೋಟ ಮಂಜು ಮುಸುಕಿದ ಹಾಗೆ ಆಗುತ್ತೆ. ಆ ಹಾಲು ಕರಿಗುಡ್ಡೆಯ ಪಾರದರ್ಶಕ ಪದರವನ್ನು ದಾಟಿ ಒಳಗಿನ ಜೀವಕೋಶಗಳನ್ನು ಕೆಡಿಸಿ, ಆ ಪದರ ಊದಿಕೊಳ್ಳೋ ಹಾಗೆ ಮಾಡುತ್ತೆ. ಬೇಗ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರಿಗೆ ನೋಟ ಮರಳುತ್ತೆ. ಹಾಗಾಗಿ ನೋವಿಲ್ಲದಿದ್ದರೂ ತೊಳೆದು, ಅದೇ ದಿನ ತೋರಿಸಿ. ಬೇಲಿ ಸವರೋವಾಗ ಸಿಡಿಯೋ ಕಳ್ಳಿ ಹಾಲಿನದ್ದು ಇನ್ನೊಂದು ರೀತಿ. ಅದು ಬಿದ್ದ ಸ್ವಲ್ಪ ಹೊತ್ತಿಗೇ ವಿಪರೀತ ಉರಿ, ನೋವು ಕೊಡುತ್ತೆ. ಅದಕ್ಕೂ ಇದೇ ಕ್ರಮ.

ಸುಂಕು, ರವದಿ, ಸೋಗೆ: ಸಣ್ಣ ಗೀರು, ದೊಡ್ಡ ನಷ್ಟ

ಈ ಲೇಖನ ಬರೆಯೋಕೆ ಮುಖ್ಯ ಕಾರಣವೇ ಇದು.

ಕರಿಗುಡ್ಡೆಯ ಮೇಲೆ ಗಾಜಿನ ಹಾಗೆ ಪಾರದರ್ಶಕ ಪದರ ಇದೆ, ಕಾರ್ನಿಯಾ ಅಂತಾರೆ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರ ಹೊರಚರ್ಮ ಸರಿ ಇರೋವರೆಗೆ ಬಹುತೇಕ ರೋಗಾಣು ಒಳಗೆ ಹೋಗಲ್ಲ. ಭತ್ತದ ಸುಂಕು, ಜೋಳದ ಗರಿ, ಕಬ್ಬಿನ ರವದಿ, ಅಡಿಕೆ ಸೋಗೆಯ ತುದಿ ಗೀರಿದರೆ ಅಲ್ಲೊಂದು ಬಾಗಿಲು ತೆರೆದ ಹಾಗೆ. ಜೊತೆಗೆ ಆ ಸುಂಕಿನ ಮೇಲಿನ ಶಿಲೀಂಧ್ರದ ಬೀಜಕಣವೂ ಒಳಗೆ ಹೋಗುತ್ತೆ.

ದಕ್ಷಿಣ ಭಾರತದಲ್ಲಿ ಕಣ್ಣಿನ ಶಿಲೀಂಧ್ರ ಹುಣ್ಣಿಗೆ ಹೆಚ್ಚಾಗಿ ಕಾರಣವಾಗೋದು ಫ್ಯುಸೇರಿಯಂ ಮತ್ತು ಆಸ್ಪರ್‌ಜಿಲಸ್. ಫ್ಯುಸೇರಿಯಂ ಅಂದರೆ ನಿಮಗೆ ಗೊತ್ತು. ಬಾಳೆಗೆ ಪನಾಮಾ ಸೊರಗು ರೋಗ ತರೋದು, ಟೊಮೆಟೊ ಸೊರಗಿಸೋದು ಅದೇ ಕುಲದ ಶಿಲೀಂಧ್ರ. ಮಣ್ಣಿನಲ್ಲಿ, ಕೊಳೆತ ಹುಲ್ಲಿನಲ್ಲಿ, ಕಾಳಿನ ಮೇಲೆ ಎಲ್ಲಾ ಕಡೆ ಇರುತ್ತೆ. ಅದಕ್ಕೇ ಪೇಟೆಯವರ ಕಣ್ಣಿಗೆ ತಾಗಿದ ಗೀರಿಗೂ, ಒಕ್ಕಲುಕಣದಲ್ಲಿ ತಾಗಿದ ಗೀರಿಗೂ ವ್ಯತ್ಯಾಸ ಇದೆ.

ನಮ್ಮ ಪಕ್ಕದ ತೋಟದ ಅಣ್ಣ ಒಬ್ಬರು ಕೊನೆ ತೆಗೆಯೋದರಲ್ಲಿ ಹೆಸರುವಾಸಿ. ಮೂರು ವರ್ಷದ ಹಿಂದೆ ಭತ್ತ ಬಡಿಯೋವಾಗ ಎಡಗಣ್ಣಿಗೆ ಸುಂಕು ತಾಗಿತು. ಸಂಜೆ ಕಣ್ಣು ಕೆಂಪಾಗಿ ನೀರು ಬರ್ತಿತ್ತು. ಪೇಟೆಯ ಅಂಗಡಿಯೊಂದರಲ್ಲಿ ಡ್ರಾಪ್ಸ್ ತಂದು ಹಾಕಿದರು. ಎರಡೇ ದಿನಕ್ಕೆ ಕೆಂಪು ಇಳೀತು. "ನೋಡು ಮಾರಾಯ, ನಲವತ್ತು ರೂಪಾಯಿಯಲ್ಲಿ ಗುಣ ಆಯ್ತು" ಅಂತ ನಗ್ತಾ ಹೇಳಿದ್ದರು. ವಾರ ಕಳೆಯೋದರೊಳಗೆ ಕರಿಗುಡ್ಡೆ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ, ರಾತ್ರಿ ನಿದ್ದೆ ಬಾರದಷ್ಟು ನೋವು. ಅವರ ಜೊತೆ ದೊಡ್ಡಾಸ್ಪತ್ರೆಗೆ ನಾನೂ ಹೋಗಿದ್ದೆ. ಡಾಕ್ಟರ್ ಮೊದಲು ಕೇಳಿದ್ದೇ "ಹಾಕಿದ ಬಾಟಲಿ ತಂದಿದ್ದೀರಾ?" ಅಂತ. ಅದರಲ್ಲಿ ಸ್ಟೀರಾಯ್ಡ್ ಇತ್ತು.

ಸ್ಟೀರಾಯ್ಡ್ ಮಾಡೋದೇನು ಅಂದರೆ, ದೇಹದ ರಕ್ಷಣಾ ಪಡೆಯನ್ನು ಸುಮ್ಮನಾಗಿಸುತ್ತೆ. ಕೆಂಪು, ಊತ, ನೋವು ಇವೆಲ್ಲ ಆ ಪಡೆ ಕೆಲಸ ಮಾಡ್ತಿರೋದರ ಗುರುತು. ಅದು ಸುಮ್ಮನಾದಾಗ ಕಣ್ಣು ಬೆಳ್ಳಗಾಗುತ್ತೆ, ರೋಗಿಗೆ ಖುಷಿ ಆಗುತ್ತೆ, ಶಿಲೀಂಧ್ರ ಅಡ್ಡಿಯಿಲ್ಲದೆ ಒಳಗೆ ಬೆಳೆಯುತ್ತೆ. ಸ್ಟೀರಾಯ್ಡ್ ಕೆಟ್ಟ ಔಷಧಿ ಅಂತಲ್ಲ. ಡಾಕ್ಟರ್ ಯಂತ್ರದಲ್ಲಿ ಕಣ್ಣು ಪರೀಕ್ಷಿಸಿ ಕೊಟ್ಟಾಗ ಅದು ಎಷ್ಟೋ ಕಣ್ಣು ಉಳಿಸುತ್ತೆ. ನೋಡದೇ ಹಾಕೋದು ಅಪಾಯ.

ಆ ಅಣ್ಣನಿಗೆ ನಟಾಮೈಸಿನ್ ಅನ್ನೋ ಶಿಲೀಂಧ್ರನಾಶಕ ಡ್ರಾಪ್ಸ್ ಕೊಟ್ಟರು. ಮೊದಮೊದಲು ಗಂಟೆಗೊಮ್ಮೆ ಹಾಕಬೇಕಿತ್ತು, ಒಟ್ಟು ಚಿಕಿತ್ಸೆ ವಾರಗಟ್ಟಲೆ ನಡೀತು. ತಮಿಳುನಾಡಿನ ಅರವಿಂದ್ ಕಣ್ಣಿನ ಆಸ್ಪತ್ರೆಯವರು ಭಾಗಿಯಾಗಿ ನಡೆಸಿ 2013ರಲ್ಲಿ ಪ್ರಕಟಿಸಿದ ದೊಡ್ಡ ಪರೀಕ್ಷೆಯಲ್ಲೂ, ಮುಖ್ಯವಾಗಿ ಫ್ಯುಸೇರಿಯಂ ಹುಣ್ಣಿಗೆ, ಹೊಸ ಔಷಧಿ ವೊರಿಕೊನಜೋಲ್‌ಗಿಂತ ನಟಾಮೈಸಿನ್ನೇ ಉತ್ತಮ ಅಂತ ಕಂಡಿತ್ತು. ಔಷಧಿ ಒಳ್ಳೇದೇ, ಹೊತ್ತು ಮೀರಿತ್ತು. ಹುಣ್ಣು ಒಣಗಿತು, ಜಾಗದಲ್ಲಿ ಬಿಳಿ ಕಲೆ ಉಳೀತು. ಈಗ ಆ ಕಣ್ಣಿಗೆ ಕೈ ಆಡಿಸಿದ್ದು ಗೊತ್ತಾಗುತ್ತೆ, ಅಷ್ಟೇ. ಒಂದೇ ಕಣ್ಣಲ್ಲಿ ದೂರದ ಅಂದಾಜು ಸರಿಯಾಗಿ ಸಿಗಲ್ಲ. ಒಂದು ಮರದಿಂದ ಇನ್ನೊಂದು ಮರಕ್ಕೆ ದಾಟ್ತಿದ್ದ ಮನುಷ್ಯ ಈಗ ಕೆಳಗೆ ನಿಂತು ಕೊನೆ ಹೆಕ್ಕುತ್ತಾರೆ. ಕೂಲಿಯೂ ಅರ್ಧ.

ಗೀರು ಬಿದ್ದಾಗ ಹೊತ್ತು ಎಷ್ಟು ಮುಖ್ಯ ಅನ್ನೋದಕ್ಕೆ ನೇಪಾಳದ ಭಕ್ತಪುರದ ಒಂದು ಅಧ್ಯಯನ ಇದೆ, 2001ರಲ್ಲಿ ಪ್ರಕಟವಾದದ್ದು. ಅಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರೇ ಕಾರ್ನಿಯಾ ಗೀರಿದವರನ್ನು ಗುರುತಿಸಿ ಆ್ಯಂಟಿಬಯಾಟಿಕ್ ಮುಲಾಮು ಹಚ್ಚಿದರು. 18 ಗಂಟೆಯೊಳಗೆ ಬಂದವರಲ್ಲಿ ಯಾರಿಗೂ ಹುಣ್ಣು ಆಗಲಿಲ್ಲ. ಇದರರ್ಥ ನೀವೇ ಮುಲಾಮು ತಂದು ಹಚ್ಚಿಕೊಳ್ಳಿ ಅಂತಲ್ಲ, ಆ ಮುಲಾಮು ಶಿಲೀಂಧ್ರವನ್ನು ಕೊಲ್ಲೋದೂ ಇಲ್ಲ. ಗೀರು ಬಿದ್ದ ದಿನವೇ ತೋರಿಸಿ, ನಾಲ್ಕು ದಿನ ಬಿಟ್ಟಲ್ಲ ಅನ್ನೋದಷ್ಟೇ ನಾವು ತಿಳಿಯಬೇಕಾದ್ದು.

ಡ್ರಾಪ್ಸ್ ಬಾಟಲಿ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಫ್ಲೋರೋಮೆಥೊಲೋನ್, ಲೋಟೆಪ್ರೆಡ್ನಾಲ್ ಇವುಗಳಲ್ಲಿ ಯಾವುದೇ ಹೆಸರಿದ್ದರೂ ಅದರಲ್ಲಿ ಸ್ಟೀರಾಯ್ಡ್ ಇದೆ ಅಂತ ಅರ್ಥ. ಎಷ್ಟೋ ಬಾಟಲಿಯಲ್ಲಿ ಆ್ಯಂಟಿಬಯಾಟಿಕ್ ಜೊತೆಗೆ ಇದನ್ನು ಬೆರೆಸಿರ್ತಾರೆ. ಡಾಕ್ಟರ್ ಬರೆದುಕೊಡದೆ ಹಾಕಬೇಡಿ. ಇಂಗ್ಲಿಷ್ ಓದೋಕೆ ಬರದಿದ್ದರೆ ಮಕ್ಕಳ ಹತ್ತಿರ ಓದಿಸಿ.

ಯಂತ್ರದಿಂದ ಹಾರಿದ್ದು

ಕಳೆ ಕೊಚ್ಚೋ ಮಷಿನ್ ಬ್ಲೇಡಿಗೆ ಸಿಕ್ಕ ಕಲ್ಲು, ತಂತಿ ಚೂರು ಬಂದೂಕಿನ ಗುಂಡಿನ ಹಾಗೆ ಹಾರುತ್ತೆ. ಕತ್ತಿ, ಗುದ್ದಲಿ ಬಡಿಯೋವಾಗ ಸಿಡಿದ ಕಬ್ಬಿಣದ ಚೂರು ಕಣ್ಣೊಳಗೇ ಹೊಕ್ಕಿರಬಹುದು. ಹೊರಗೆ ಸಣ್ಣ ಕೆಂಪು ಬಿಟ್ಟರೆ ಏನೂ ಕಾಣದೇ ಇರಬಹುದು. ಇಂಥ ಹೊತ್ತಿನಲ್ಲಿ ತೊಳೆಯೋದು, ಒತ್ತೋದು, ಚುಚ್ಚಿಕೊಂಡಿದ್ದನ್ನು ಕೀಳೋದು ಯಾವುದೂ ಬೇಡ. ಒಂದು ಪೇಪರ್ ಕಪ್ಪಿನ ತಳವನ್ನು ಕಣ್ಣಿಗೆ ತಾಗದಂತೆ ಮುಚ್ಚಿ ಅಂಟಿಸಿ, ಹೊರಡಿ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ.

ಏಟು ಬೀಳದೆಯೂ ಬರೋ ಅಪಾಯದ ಕೆಂಪು

ಒಂದು, ಗ್ಲುಕೋಮಾದ ದಿಢೀರ್ ದಾಳಿ. ಸಾಮಾನ್ಯವಾಗಿ ನಲವತ್ತು, ಐವತ್ತು ದಾಟಿದವರಿಗೆ. ಒಂದು ಕಣ್ಣು ಕೆಂಪು, ಸಹಿಸಲಾಗದ ಕಣ್ಣುನೋವು, ತಲೆನೋವು, ವಾಂತಿ, ಬಲ್ಬಿನ ಸುತ್ತ ಬಣ್ಣದ ಬಳೆ ಕಾಣೋದು. ಪಿತ್ತ ಅಂತ ಮಾತ್ರೆ ನುಂಗಿ ಮಲಗಬೇಡಿ. ಕಣ್ಣಿನ ಒಳಗಿನ ಒತ್ತಡ ಏರಿರುತ್ತೆ. ಇಳಿಸದಿದ್ದರೆ ಕೆಲವು ಗಂಟೆ, ದಿನಗಳಲ್ಲೇ ನರ ಶಾಶ್ವತವಾಗಿ ಕೆಡುತ್ತೆ.

ಎರಡು, ಇಲಿ ಜ್ವರದ ನಂತರದ ಕಣ್ಣೂತ. ನೀರು ನಿಂತ ಗದ್ದೆಯಲ್ಲಿ ಇಲಿ, ದನದ ಮೂತ್ರದಿಂದ ಹರಡೋ ಜ್ವರ ಇದು. ಜ್ವರದ ಹೊತ್ತಿನಲ್ಲೇ ಕಣ್ಣು ಕೆಂಪಾಗುತ್ತೆ. ಜ್ವರ ವಾಸಿಯಾಗಿ ವಾರ, ತಿಂಗಳು ಕಳೆದ ಮೇಲೆ ಕೆಲವರಿಗೆ ಕಣ್ಣಿನ ಒಳಪದರ ಊದಿಕೊಂಡು ಮತ್ತೆ ಕೆಂಪು, ನೋವು, ಮಂಜು ಬರುತ್ತೆ. 1994ರಲ್ಲಿ ಮಧುರೈ ಭಾಗದಲ್ಲಿ ಮಳೆಗಾಲದ ನೆರೆಯ ನಂತರ ಇಂಥ ರೋಗಿಗಳು ದೊಡ್ಡ ಸಂಖ್ಯೆಯಲ್ಲಿ ಕಂಡುಬಂದಿದ್ದರು. ಗದ್ದೆಗೆ ಇಳಿಯೋರು ಡಾಕ್ಟರ್ ಹತ್ತಿರ ಹೋದಾಗ "ಮೊನ್ನೆ ಜ್ವರ ಬಂದಿತ್ತು" ಅಂತ ಹೇಳೋದನ್ನು ಮರೀಬೇಡಿ.

ಹಸುಗೂಸಿನ ಕಣ್ಣು ಕೆಂಪಾಗಿ ಕೀವು ಬಂದರೂ, ಕಾಂಟ್ಯಾಕ್ಟ್ ಲೆನ್ಸ್ ಹಾಕೋ ಮಕ್ಕಳ ಕಣ್ಣು ಕೆಂಪಾಗಿ ನೋವಿದ್ದರೂ ಅದೇ ದಿನ ತೋರಿಸಿ.

ಕಣ್ಣಿಗೆ ಹಾಕಬಾರದ್ದು

ಎದೆಹಾಲು, ಹರಳೆಣ್ಣೆ, ಜೇನುತುಪ್ಪ, ನಂದಿಬಟ್ಟಲು ಹೂವಿನ ರಸ, ಸೊಪ್ಪಿನ ರಸ, ಗೋಮೂತ್ರ. ನಾಲಿಗೆಯಿಂದ ಕಣ್ಣಿನ ಕಸ ತೆಗೆಸೋದು. ಇವೆಲ್ಲ ನಮ್ಮ ಹಿರಿಯರು ಪ್ರೀತಿಯಿಂದ ಮಾಡ್ತಾ ಬಂದದ್ದೇ. ಕೈಯಲ್ಲಿ ಬೇರೇನೂ ಇಲ್ಲದ ಕಾಲದಲ್ಲಿ ಮಾಡಿದರು. ಆದರೆ ಗೀರು ಬಿದ್ದ ಕಾರ್ನಿಯಾಕ್ಕೆ ಅಂಗಳದಲ್ಲಿ ಕಿತ್ತು ಅರೆದ ಸೊಪ್ಪಿನ ರಸ ಹಾಕೋದು ಅಂದರೆ ರೋಗಾಣುವಿಗೆ ಗೊಬ್ಬರ ಸಮೇತ ನಾಟಿ ಮಾಡಿದ ಹಾಗೆ. ಗಿಡಮೂಲಿಕೆಗಳ ಮೇಲೆ ನನಗೆ ಗೌರವ ಇದೆ, ಬೆಳೀತೀನಿ ಕೂಡ. ಆದರೂ ಮನೆಯಲ್ಲಿ ಅಜ್ಜಿಗೆ ನಾನು ಹೇಳೋದು ಇದನ್ನೇ: "ಅಜ್ಜಿ, ಹೊಟ್ಟೆಗೆ ಬೇಕಾದ್ದು ಕೊಡಿ, ಕಣ್ಣಿಗೆ ಬೇಡ."

ಕಳೆದ ವರ್ಷದ ಬಾಟಲಿ, ಪಕ್ಕದ ಮನೆಯವರ ಬಾಟಲಿ ಕೂಡ ಬೇಡ. ಹೆಚ್ಚಿನ ಡ್ರಾಪ್ಸ್ ಮುಚ್ಚಳ ತೆಗೆದು ಒಂದು ತಿಂಗಳಾದ ಮೇಲೆ ಬಳಸೋ ಹಾಗಿಲ್ಲ.

ಪಂಪ್‌ಹೌಸ್‌ನಲ್ಲಿ ಇಡಬೇಕಾದ್ದು

- ಕೆಲಸಕ್ಕೆ ಬರೋರ ಲೆಕ್ಕಕ್ಕೆ ತಕ್ಕಷ್ಟು ಬದಿ ಮುಚ್ಚಿದ ರಕ್ಷಣಾ ಕನ್ನಡಕ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ, ಬೆಲೆ ಹೆಚ್ಚಿಲ್ಲ. ಬೆವರಿಗೆ ಮಂಜಾಗುತ್ತೆ ಅಂತ ದೂರುತ್ತಾರೆ. ಗಾಳಿತೂತು ಇರೋದನ್ನು ಕೊಳ್ಳಿ, ಕಳೆ ಮಷಿನ್‌ಗೆ ಜಾಲರಿ ಮುಖಗವಚದ ಒಳಗೂ ಕನ್ನಡಕ ಹಾಕಿ.
- ಬೋರ್ಡೋ ಮಾಡೋ ದಿನ ಬ್ಯಾರೆಲ್ ಪಕ್ಕದಲ್ಲೇ ಒಂದು ಕೊಡ ಶುದ್ಧ ನೀರು ಮತ್ತು ಚೊಂಬು. ಈ ನೀರು ಬೇರೆ ಯಾವುದಕ್ಕೂ ಅಲ್ಲ. ಜೊತೆಗೆ ಹರಿಯೋ ನೀರಿನ ಪೈಪ್ ಕೈಗೆ ಸಿಗೋ ಹಾಗಿರಲಿ.
- ದೋಟಿಯಲ್ಲಿ ಔಷಧಿ ಹೊಡೆಯೋರು, ಕೊನೆ ತೆಗೆಯೋರು ಯಾವಾಗಲೂ ಮೇಲೆ ನೋಡ್ತಿರ್ತಾರೆ. ಬೀಳೋದೆಲ್ಲ ನೇರ ಕಣ್ಣಿಗೆ. ಅವರಿಗೆ ಮೊದಲು ಕನ್ನಡಕ ಕೊಡಿ.
- ಹತ್ತಿರದ ಕಣ್ಣಿನ ಡಾಕ್ಟರ್ ಇರೋ ಆಸ್ಪತ್ರೆ ಯಾವುದು, ಭಾನುವಾರ ಯಾರಿರ್ತಾರೆ ಅಂತ ಈಗಲೇ ವಿಚಾರಿಸಿ ಗೋಡೆ ಮೇಲೆ ಬರೆದಿಡಿ. ಜಿಲ್ಲಾಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗ ಇದೆ. ಬೆಂಗಳೂರಿನ ಕಡೆಯವರಿಗೆ ಸರ್ಕಾರಿ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ.

ಕೊನೆಗೆ ಒಂದು ಮಾತು. ಕೂಲಿಗೆ ಬಂದವರು ಕಣ್ಣಿಗೆ ಏನಾದರೂ ತಾಗಿದರೆ ಬಾಯಿಬಿಟ್ಟು ಹೇಳಲ್ಲ. ಹೇಳಿದರೆ ಅರ್ಧ ದಿನದ ಕೂಲಿ ಹೋಗುತ್ತೆ ಅನ್ನೋ ಭಯ. ಔಷಧಿ ಹೊಡೆಯೋಕೆ ಶುರು ಮಾಡೋ ಮೊದಲೇ ಅವರಿಗೆ ಹೇಳಿಬಿಡಿ: "ಕಣ್ಣಿಗೆ ಏನೇ ತಾಗಿದರೂ ಹೇಳಿ, ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ, ಆ ದಿನದ ಕೂಲಿ ಪೂರ್ತಿ ಕೊಡ್ತೀನಿ." ನಮ್ಮ ತೋಟದಲ್ಲಿ ಈ ಮಾತು ಹೇಳಿದ ಮೇಲೆ ಒಬ್ಬರು ಅಕ್ಕ ಕಳೆ ಕೀಳೋವಾಗ ಹುಲ್ಲು ತಾಗಿದ್ದನ್ನು ಅದೇ ಮಧ್ಯಾಹ್ನ ಬಂದು ಹೇಳಿದರು. ಸಂಜೆಯೊಳಗೆ ಡಾಕ್ಟರ್ ನೋಡಿದರು, ಐದು ದಿನದಲ್ಲಿ ಗುಣ ಆಯ್ತು.

ಈ ವಾರ ಸುಣ್ಣ, ಮೈಲುತುತ್ತ ತೂಕ ಮಾಡೋ ಮೊದಲು ಕನ್ನಡಕ ಎಷ್ಟಿವೆ ಅಂತ ಎಣಿಸಿ. ಮುಂದಿನ ವಾರ ಬೋರ್ಡೋ ದ್ರಾವಣ ತಯಾರಿಯ ಸರಿಯಾದ ಕ್ರಮದೊಂದಿಗೆ ಸಿಗೋಣ.